ಆಚೆ ಬದಿಯ ಗಂಟೆ

ಅಕ್ಟೋಬರ್ ತಿಂಗಳ ಎರಡನೆಯ ಬುಧವಾರ ಬೆಳಿಗ್ಗೆ ಬೊರಿವ್ಕಾ ಊರಿನ ಆಚೆ ಬದಿಯ ಇಗರ್ಜಿಯಲ್ಲಿ ಸಾವಿನ ಗಂಟೆ ಹೊಡೆಯತೊಡಗಿತು. ಆಗ ಪ್ರೊಕಿಪ್ ಮುದುಕ ಅಡಿಗೆಮನೆಯ ಕುರ್ಚಿಯಲ್ಲಿ ಕುಳಿತು ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. ಮೊದಲನೆಯ ಪೆಟ್ಟಿಗೇ ಅವನ ಕೈ ನಿಂತಿತು. ಈಚೆ ಬದಿಯ ಇಗರ್ಜಿಗೆ ನಲವತ್ತೆಂಟು ವರ್ಷದಿಂದ ಗಂಟೆ ಹೊಡೆಯುವವನೂ ಅವನೇ, ಪೂಜೆಯಲ್ಲಿ ಹಾಡುವವನೂ ಅವನೇ. ಗಂಟೆ ಯಾವ ಬದಿಯದಾದರೂ ಅದರ ಪೆಟ್ಟು ಎಣಿಸದೆ ಬಿಡುವುದು ಅವನಿಂದ ಆಗದು. ಸತ್ತವರಿಗೆ ಎಷ್ಟು ವರ್ಷವೋ ಅಷ್ಟು ಪೆಟ್ಟು ಹೊಡೆಯುವುದು ಎರಡು ಬದಿಯವರಿಗೂ ಸಮನಾದ ಪದ್ಧತಿ. ಊರು ಎರಡು ಬದಿಯಾದ ಹಳೆಯ ಜಗಳದ ಮೇಲೂ ಅವರು ಹಂಚಿಕೊಂಡು ಉಳಿಸಿಕೊಂಡದ್ದು ಇದೊಂದನ್ನೇ.

ಹೆಂಡತಿ ತೆಕ್ಲಾ ಒಲೆಯ ಮುಂದೆ ಹಿಟ್ಟು ನಾದುತ್ತಿದ್ದಳು. ಅವಳೂ ನಿಲ್ಲಿಸಿದಳು.

ಇಪ್ಪತ್ತಾಯಿತು, ನಲವತ್ತಾಯಿತು. ಅರವತ್ತು ದಾಟಿದಾಗ ಪ್ರೊಕಿಪ್ ಮನಸ್ಸಿನಲ್ಲೇ ಆಚೆ ಬದಿಯ ಮುದುಕರನ್ನು ಒಬ್ಬೊಬ್ಬರನ್ನಾಗಿ ಎಣಿಸಿದ. ಎಪ್ಪತ್ತನಾಲ್ಕಕ್ಕೆ ಗಂಟೆ ನಿಂತಿತು. ಕೊನೆಯ ಪೆಟ್ಟಿನ ನಾದ ಕೊಯ್ದ ಗೋಧಿಯ ಬಯಲಿನ ಮೇಲೆ ಹರಡಿಕೊಂಡು ಹೋಗಿ ರೈಲು ಹಳಿಯ ಪಕ್ಕದ ಎತ್ತರದ ಕಣಜಕ್ಕೆ ತಾಗಿ ಸತ್ತಿತು.

"ಎಪ್ಪತ್ತನಾಲ್ಕು" ಎಂದ ಪ್ರೊಕಿಪ್. "ಅವರಲ್ಲಿ ಎಪ್ಪತ್ತನಾಲ್ಕರವರು ಯಾರಿದ್ದಾರೆ? ಪಲಾಹ್ನಾಗೆ ಎಂಬತ್ತೊಂದು. ಕೊರಿಟ್ಕೊ ಇನ್ನೂ ಎಪ್ಪತ್ತು ಮುಟ್ಟಿಲ್ಲ."

ತೆಕ್ಲಾ ಹಿಟ್ಟಿನ ಪಾತ್ರೆಯನ್ನು ಒಲೆಯಿಂದ ದೂರ ಸರಿಸಿದಳು.

"ಈ ಊರಲ್ಲಿ ಎಪ್ಪತ್ತನಾಲ್ಕರವರು ಅಂದರೆ ಇಬ್ಬರೇ. ನಾನೊಬ್ಬ, ಇಲ್ಕೊ ಒಬ್ಬ" ಎಂದು ಅವನು ನಕ್ಕ. "ನಾನಂತೂ ಇಲ್ಲೇ ಇದ್ದೇನೆ. ಇಲ್ಕೊ ನಮ್ಮವನು. ಅವರ ಗಂಟೆಯವನು ಎಣಿಕೆ ತಪ್ಪಿದ ಅಂತ ಕಾಣತ್ತೆ."

"ಪ್ರೊಕಿಪ್, ಸ್ವಲ್ಪ ಕೂತ್ಕೊ."

"ಕೂತೇ ಇದ್ದೆನಲ್ಲ ಇಷ್ಟು ಹೊತ್ತು. ಹೋಗಿ ಕೇಳ್ಕೊಂಡು ಬರ್ತೀನಿ."

"ಕೂತ್ಕೊ ಅಂದೆ."

ಅವನು ಆಗಲೇ ಟೋಪಿ ಹಾಕಿಕೊಂಡು ಬಾಗಿಲು ತೆರೆದಿದ್ದ. ಅವಳು ಹಿಟ್ಟಿನ ಕೈಯಲ್ಲೇ ಹೊಸಿಲ ತನಕ ಬಂದಳು, ಆದರೆ ಕೂಗಲಿಲ್ಲ. ಅವಳು ಕೂಗಲಿಲ್ಲವೆಂಬುದು ಅವನಿಗೆ ಆಮೇಲೆ ಬಹಳ ದಿನ ನೆನಪಿತ್ತು.

ಮಾ ಫೂನ್‌ನ ಕಾಫಿ ಅಂಗಡಿ ಅಂಚೆ ಕಚೇರಿಗೂ ಕಣಜಕ್ಕೂ ನಡುವೆ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಊರಿನ ಗಂಡಸರೆಲ್ಲ ಅಲ್ಲಿ ಸೇರಿ ದಾಳ ಉರುಳಿಸುತ್ತಾರೆ. ಸೋತವನದು ಆ ದಿನದ ಕಾಫಿ. ಕಾಫಿಗೆ ಆಚೆ ಈಚೆ ಇಲ್ಲವೆಂದು ಊರಿನ ಮಾತು. ಇಗರ್ಜಿಯ ವಿಷಯದಲ್ಲಿ ಒಬ್ಬರ ಮುಖ ಒಬ್ಬರು ನೋಡದವರೂ ಆ ಮೇಜಿನಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕುಳಿತು ಮಳೆಯನ್ನೂ ರೈಲನ್ನೂ ಬೈಯುತ್ತಾರೆ.

ಪ್ರೊಕಿಪ್ ಒಳಗೆ ಬಂದಾಗ ದಾಳದ ಸದ್ದು ನಿಂತಿತು. ಕಣಜ ನೋಡಿಕೊಳ್ಳುವ ಫೆಡಿರ್ ಆಚೆ ಬದಿಯವನು; ಅವನು ತನ್ನ ಕಪ್ಪಿನೊಳಗೆ ನೋಡಿದ. ಅಂಚೆಯ ಹಾವ್ರಿಲೊ ಈಚೆ ಬದಿಯ ಇಗರ್ಜಿಗೆ ಹಿರಿಯ. ಅವನು ಎದ್ದು ನಿಂತು ತನ್ನ ಕುರ್ಚಿಯನ್ನೇ ಎಳೆದುಕೊಟ್ಟ.

"ಬಾ, ಬಾ ಪ್ರೊಕಿಪ್. ಇಲ್ಲಿ ಕೂತ್ಕೊ."

"ಯಾಕೆ, ಇವತ್ತು ಎಲ್ಲರಿಗೂ ನನ್ನ ಕೂರಿಸೋದೇ ಕೆಲಸವಾ?" ಎಂದ ಪ್ರೊಕಿಪ್. "ಯಾರು ಹೋದದ್ದು? ಏನ್ರಯ್ಯಾ, ನಾಲಿಗೆ ಎಲ್ಲಾದರೂ ಅಡವಿಟ್ಟು ಬಂದಿದ್ದೀರಾ? ಫೆಡಿರ್, ನಿಮ್ಮ ಗಂಟೆಯವನು ಕುಡಿದಿದ್ದನೋ ಹೇಗೆ? ಎಪ್ಪತ್ತನಾಲ್ಕು ಹೊಡೆದ."

"ಕುಡಿದಿರಲಿಲ್ಲ" ಎಂದ ಫೆಡಿರ್.

ಕೊನೆಗೆ ಮಾತಾಡಿದವನು ಮಾ ಫೂನ್. ಅವನು ಎರಡು ಬದಿಗೂ ಸೇರಿದವನಲ್ಲ. ಮೂವತ್ತೈದು ವರ್ಷದಿಂದ ಆ ಒಲೆಯ ಹಿಂದೆ ನಿಂತು ಊರಿನವರ ಭಾಷೆಯನ್ನು ಅವರ ಬೈಗುಳಗಳ ಸಮೇತ ಕಲಿತವನು. ಬಟ್ಟೆಯಲ್ಲಿ ಕೈ ಒರೆಸಿಕೊಂಡು ಮುಂದೆ ಬಂದ.

"ಇಲ್ಕೊ ತೀರಿಕೊಂಡ, ಪ್ರೊಕಿಪ್. ಇವತ್ತು ಬೆಳಗಿನ ಜಾವ, ದೊಡ್ಡಾಸ್ಪತ್ರೆಯಲ್ಲಿ. ಇವರ ಹತ್ತಿರ ಎಲ್ಲ ಆಣೆ ಹಾಕಿಸ್ಕೊಂಡಿದ್ದ. ನನ್ನ ಹತ್ತಿರ ಯಾರೂ ಹಾಕಿಸ್ಕೊಂಡಿಲ್ಲ. ಅದಕ್ಕೆ ನಾನು ಹೇಳ್ತಿದ್ದೀನಿ."

"ಇಲ್ಕೊ ಕಣ್ಣಿನ ಆಪರೇಷನ್ನಿಗೆ ಹೋಗಿದ್ದಾನೆ" ಎಂದ ಪ್ರೊಕಿಪ್, ಪಾಠ ಒಪ್ಪಿಸುವವನ ಹಾಗೆ. "ಮಗಳ ಮನೆಗೆ. ಐದು ವಾರ ಆಯ್ತು."

"ಕಣ್ಣಲ್ಲ. ಹೊಟ್ಟೆ. ಬೇಸಿಗೆಯಿಂದಲೇ ಗೊತ್ತಿತ್ತು ಅವನಿಗೆ."

ಪ್ರೊಕಿಪ್ ಕುರ್ಚಿಯ ಬೆನ್ನು ಹಿಡಿದುಕೊಂಡ. ದುಃಖ ಎದೆಯವರೆಗೆ ಬಂದು ಇನ್ನೇನು ಉಕ್ಕಬೇಕು, ಅಷ್ಟರಲ್ಲಿ ಬೇರೊಂದು ವಿಷಯ ಅದನ್ನು ತಡೆದು ನಿಂತಿತು.

"ಇಲ್ಕೊ ನಮ್ಮವನು. ಅವನಿಗೆ ಆ ಗಂಟೆ ಯಾಕೆ ಹೊಡೆದರು?"

ಮಾ ಫೂನ್ ಹಾವ್ರಿಲೋನ ಕಡೆ ನೋಡಿದ. ಇದು ನಿಮ್ಮ ಮನೆಯ ಮಾತು, ನೀವೇ ಹೇಳಿ ಎನ್ನುವಂತಿತ್ತು ಆ ನೋಟ.

"ಅವನು ಆಗಸ್ಟ್ ಕೊನೆಯಲ್ಲಿ ಆ ಕಡೆ ಸೇರ್ಕೊಂಡ, ಪ್ರೊಕಿಪ್" ಎಂದ ಹಾವ್ರಿಲೊ. "ವಾರದ ದಿನ, ಯಾರೂ ಇಲ್ಲದ ಹೊತ್ತಲ್ಲಿ. ಶುಕ್ರವಾರ ಅಲ್ಲೇ ಮಣ್ಣು. ಹೆಂಡತಿ ವರ್ವಾರಾ ಪಕ್ಕದಲ್ಲಿ ಮಲಗಬೇಕು ಅಂತ ಅವನ ಆಸೆ. ಪ್ರೊಕಿಪನಿಗೆ ನಾನೇ ಹೇಳ್ತೀನಿ, ನೀವ್ಯಾರೂ ಬಾಯಿ ಬಿಡಬೇಡಿ ಅಂದಿದ್ದ. ಹೇಳಿರ್ತಾನೆ ಅಂತ ನಾವು..."

"ಪಾದ್ರಿಗಳಿಗೆ ಗೊತ್ತಿತ್ತಾ?"

"ಗೊತ್ತಿತ್ತು."

ಪ್ರೊಕಿಪ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಅವನ ಧ್ವನಿ ಏರಲಿಲ್ಲ. ಹಾಡುವವನ ಧ್ವನಿ, ಹಿಡಿತ ತಪ್ಪಲಿಲ್ಲ.

"ಐದು ಭಾನುವಾರ, ಹಾವ್ರಿಲೊ. ಐದು ಭಾನುವಾರ ನಾನು ಚೀಟಿ ಬರೆದು ಕೊಟ್ಟೆ. ನಮ್ಮ ಸಹೋದರ ಇಲ್ಕೋನ ಕಣ್ಣುಗಳಿಗಾಗಿ ಅಂತ. ಪಾದ್ರಿ ಓದಿದರು. ನಾನು ಸ್ವರ ಎತ್ತಿಕೊಟ್ಟೆ. ನೀನು ಮುಂದಿನ ಸಾಲಲ್ಲಿ ನಿಂತು 'ಕರ್ತನೇ, ಕರುಣಿಸು' ಅಂದೆ. ಇಗರ್ಜಿಗೆ ಇಗರ್ಜಿಯೇ ಅಂತು. ಇಲ್ಲದ ಕಾಯಿಲೆಗೆ, ನಮ್ಮಲ್ಲಿಲ್ಲದ ಮನುಷ್ಯನಿಗೆ! ದೇವರ ಮುಂದೆ ನನ್ನನ್ನ ಕೋಡಂಗಿ ಕುಣಿಸಿದ ಹಾಗೆ ಕುಣಿಸಿದಿರಲ್ಲೋ."

"ಪ್ರಾರ್ಥನೆ ವ್ಯರ್ಥ ಆಗಲ್ಲ, ಪ್ರೊಕಿಪ್..."

"ಅದನ್ನ ನನಗೆ ಹೇಳಿಕೊಡ್ತೀಯಾ ನೀನು?"

ಹೇಳಿ ಅವನು ಹೊರಗೆ ಬಂದ. ಹೊರಗೆ ಬಿಸಿಲಿತ್ತು, ಬಿಸಿಲಿನೊಳಗೆ ಚಳಿಯಿತ್ತು. ಬಾತುಗಳ ದೊಡ್ಡ ಹಿಂಡೊಂದು ತೆಂಕಣಕ್ಕೆ ಹೋಗುತ್ತಾ ಊರಿನ ಮೇಲೆ ಕಿರುಚಿಕೊಂಡಿತು. ರಸ್ತೆಯ ಎರಡು ಬದಿಗೂ ಎರಡು ಇಗರ್ಜಿ, ಎರಡರ ಮೇಲೂ ಒಂದೇ ಬಗೆಯ ಗುಮ್ಮಟ, ಒಂದೇ ಬಡಗಿ ಕಟ್ಟಿದ್ದು. ಒಳಗೆ ಹೋದರೆ ಹಾಡು ಒಂದೇ, ಮೇಣದ ಬತ್ತಿ ಒಂದೇ, ಉಪವಾಸದ ದಿನಗಳೂ ಒಂದೇ. ಈಚೆಯವರು ಪ್ರಾರ್ಥನೆಯಲ್ಲಿ ರೋಮಿನ ಪೋಪರ ಹೆಸರು ಹೇಳುತ್ತಾರೆ, ಆಚೆಯವರು ಹೇಳುವುದಿಲ್ಲ. ಅಷ್ಟಕ್ಕೇ ಸಾವಿರದ ಒಂಬೈನೂರ ಇಪ್ಪತ್ತೆರಡನೆಯ ಇಸವಿಯಲ್ಲಿ ಒಂದು ಭಾನುವಾರ ಅರ್ಧ ಊರು ಪೂಜೆಯ ನಡುವೆ ಎದ್ದು ರಸ್ತೆ ದಾಟಿ ಹೋಗಿತ್ತು.

ಎದ್ದು ಹೋದವರಲ್ಲಿ ಪ್ರೊಕಿಪನ ತಮ್ಮ ಮಾರ್ಕೊ ಇದ್ದ.

ಆ ದಿನ ಹಾಡುವ ಕಟ್ಟೆಯ ಮೇಲೆ ಉಳಿದವರು ಇಬ್ಬರೇ, ಪ್ರೊಕಿಪ್ ಮತ್ತು ಇಲ್ಕೊ. ಇಪ್ಪತ್ತೆಂಟರ ಹುಡುಗರು. ಪ್ರೊಕಿಪನದು ಏರುದನಿ, ಇಲ್ಕೋನದು ನೆಲದಡಿಯಿಂದ ಬರುವಂಥ ಮಂದ್ರ. ಪೂಜೆ ಮುಗಿದ ಮೇಲೆ ಬಲಿಪೀಠದ ಮುಂದೆ ನಿಂತು ಇಬ್ಬರೂ ಶಿಲುಬೆ ಮುಟ್ಟಿ ಮಾತು ಕೊಟ್ಟುಕೊಂಡರು. ಈ ಹೊಸಿಲು ಬಿಟ್ಟು ಹೋಗುವುದಿಲ್ಲ. ಯಾರು ಮೊದಲು ಹೋದರೂ ಉಳಿದವನು ಅವನ ಶವಪೆಟ್ಟಿಗೆಯ ಮುಂದೆ ನಿಂತು 'ನಿತ್ಯ ನೆನಪು' ಹಾಡುವುದು. ಅದು ಸತ್ತವರಿಗೆ ಹಾಡುವ ಕೊನೆಯ ಹಾಡು. ಹಿರಿಯರು ಕಡಲಾಚೆ ಬಿಟ್ಟುಬಂದ ಹಳೆಯ ನಾಡಿನ ಧಾಟಿಯಲ್ಲಿ ಅದನ್ನು ಹಾಡಬಲ್ಲವರು ಆಗಲೇ ಇಬ್ಬರೇ ಉಳಿದಿದ್ದರು.

ಆ ಮಾತಿಗೆ ಕಟ್ಟುಬಿದ್ದು ಪ್ರೊಕಿಪ್ ಒಡಹುಟ್ಟಿದ ತಮ್ಮನೊಡನೆ ಮಾತು ಬಿಟ್ಟ. ಅಕ್ಕಪಕ್ಕದ ಹೊಲ, ನಡುವೆ ಒಂದು ತಂತಿ ಬೇಲಿ. ತಮ್ಮ ಬಿತ್ತುವುದು, ಕೊಯ್ಯುವುದು, ಮಗಳ ಮದುವೆ ಮಾಡುವುದು ಎಲ್ಲವನ್ನೂ ಬೇಲಿಯ ಈಚೆಯಿಂದ ನೋಡಿದ. ಮಾರ್ಕೊ ಐವತ್ತೊಂದರ ಫೆಬ್ರುವರಿಯಲ್ಲಿ ಟ್ರ್ಯಾಕ್ಟರ್ ಮಗುಚಿ ಸತ್ತ. ಆಚೆ ಇಗರ್ಜಿಯ ಮೆಟ್ಟಿಲ ತನಕ ಪ್ರೊಕಿಪ್ ಹೋಗಿಬಿಟ್ಟಿದ್ದ. ಹಿಮದಲ್ಲಿ ಹಿಂದೆ ಓಡಿಬಂದು ತೋಳು ಹಿಡಿದವನು ಇಲ್ಕೊ. "ಇವತ್ತು ಒಳಗೆ ಕಾಲಿಟ್ಟರೆ ಇಪ್ಪತ್ತೊಂಬತ್ತು ವರ್ಷ ನಾವು ನಿಂತದ್ದಕ್ಕೆ ಏನರ್ಥ ಉಳೀತು ಹೇಳು? ಸತ್ತವನಿಗೆ ನೀನು ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ" ಎಂದಿದ್ದ. ಪ್ರೊಕಿಪ್ ಹಿಂದಿರುಗಿದ. ತಮ್ಮನ ಹೆಣ ಹೊರಗೆ ಬಂದಾಗ ಅವನು ರಸ್ತೆಯ ಈ ಬದಿಯಲ್ಲಿ ಟೋಪಿ ತೆಗೆದುಕೊಂಡು ನಿಂತಿದ್ದ, ದಾರಿಹೋಕನ ಹಾಗೆ.

ಆ ತೋಳನ್ನು ಈಗ ಅವನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮನೆಗೆ ನಡೆದ.

ತೆಕ್ಲಾ ಹಿಟ್ಟು ಮುಚ್ಚಿಟ್ಟು ಕಿಟಕಿಯ ಬಳಿ ಕುಳಿತಿದ್ದಳು. ಊರಿನ ಯಾವ ಗಾಡಿ ಯಾವ ದಿಕ್ಕಿಗೆ ಹೋಯಿತು, ಯಾವ ಹೊತ್ತಿಗೆ ತಿರುಗಿ ಬಂತು ಎಂಬುದೆಲ್ಲ ಆ ಕಿಟಕಿಗೆ ಗೊತ್ತು. ಧೂಳು ನೋಡಿ ಗಾಡಿ ಹೇಳುತ್ತಿದ್ದಳು, ಸದ್ದು ಕೇಳಿ ಗಾಡಿಯವನ ಸಿಟ್ಟು ಹೇಳುತ್ತಿದ್ದಳು.

"ನಿನಗೂ ಗೊತ್ತಿತ್ತು" ಎಂದ.

"ಗೊತ್ತಿತ್ತು."

"ಯಾವಾಗಿಂದ?"

"ಗೋಧಿ ಕೊಯ್ಲಿಗೆ ಮುಂಚಿಂದ. ಮಗಳ ಜೊತೆ ಅವನು ಫೋನಲ್ಲಿ ಮಾತಾಡಿದಾಗ ಕೇಳಿದೆ. ಹನ್ನೊಂದು ಮನೆಗೆ ಒಂದೇ ತಂತಿ, ಯಾರು ಫೋನೆತ್ತಿದ್ರೂ ಕೇಳತ್ತೆ, ಊರೆಲ್ಲ ಕೇಳ್ತು. ನೀನೊಬ್ಬ ಸಂತ, ಬೇರೆಯವರ ಮಾತಿಗೆ ಕಿವಿ ಕೊಡೋದು ಪಾಪ ಅಂತ ಫೋನ್ ಮುಟ್ಟಲ್ಲ."

"ಪಾಪವೇ ಅದು."

"ಹೌದು ಮಾರಾಯ, ಪಾಪವೇ. ಊರಿಗೆ ಊರೇ ಆ ಪಾಪ ಮಾಡಿ ಸತ್ಯ ತಿಳ್ಕೊಂಡಿತು. ನೀನು ಪುಣ್ಯ ಮಾಡಿ ಮೋಸ ಹೋದೆ."

"ನಲವತ್ತೊಂಬತ್ತು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ನೀನು."

"ಅದಕ್ಕೇ ಹೇಳ್ಲಿಲ್ಲ" ಎಂದಳು ತೆಕ್ಲಾ. ಅವಳ ಕಣ್ಣು ತುಂಬಿತ್ತು, ಮಾತು ಮಾತ್ರ ಮೊನಚಾಗಿಯೇ ಇತ್ತು. "ಹೇಳಿದ್ರೆ ಏನು ಮಾಡ್ತಿದ್ದೆ? ಮಾರ್ಕೋಗೆ ಮಾಡಿದ್ದನ್ನೇ ಮಾಡ್ತಿದ್ದೆ. ಸಾಯೋ ಮನುಷ್ಯ, ಇರೋಷ್ಟು ದಿನ ನಿನ್ನ ಜೊತೆ ಒಂದು ಕಪ್ಪು ಕಾಫಿ ಕುಡಿಯೋದು ಅವನಿಗೆ ಬೇಕಾಗಿತ್ತು. ಅದನ್ನ ಕಿತ್ಕೊಳ್ಳೋಕೆ ನನ್ನ ಕೈಲಿ ಆಗ್ಲಿಲ್ಲ."

ಅವನು ಹೊರಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮಧ್ಯಾಹ್ನ ಅವಳು ಬಾಗಿಲ ಬಳಿ ಬೀಟ್‌ರೂಟ್ ಸಾರಿಟ್ಟು ಹೋದಳು. ಅದು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿತು.

ಗುರುವಾರ ಬೆಳಿಗ್ಗೆ ಇಲ್ಕೋನ ಮಗಳು ಸ್ಟೆಫಾ ಬಂದಳು. ನಲವತ್ತು ದಾಟಿದವಳು, ನಗರದಲ್ಲಿ ಶಾಲೆಯ ಉಪಾಧ್ಯಾಯಿನಿ. ಅವಳ ಜ್ಞಾನಸ್ನಾನದಲ್ಲಿ ಧರ್ಮತಂದೆಯಾಗಿ ನಿಂತು ಅವಳನ್ನು ಎತ್ತಿಕೊಂಡವನು ಪ್ರೊಕಿಪನೇ. ಅವಳು ಬಟ್ಟೆಯಲ್ಲಿ ಸುತ್ತಿದ, ಜಡೆಯ ಹಾಗೆ ಹೆಣೆದ ರೊಟ್ಟಿ ತಂದು ಮೇಜಿನ ಮೇಲಿಟ್ಟು, ಕೋಟು ಬಿಚ್ಚದೆ ನಿಂತಳು.

"ಪ್ರೊಕಿಪ್ ಮಾಮ, ಬೈಯೋದಿದ್ರೆ ಬೈದುಬಿಡಿ. ಆಮೇಲೆ ನಾನು ಕೇಳೋದು ಕೇಳ್ತೀನಿ."

"ನಿನ್ನನ್ನ ಯಾಕೆ ಬೈಲಿ? ಕೂತ್ಕೊ."

ಅವಳು ಕುಳಿತಳು. "ಅಪ್ಪ ಮೂರು ಸಲ ಬಂದಿದ್ರು ನಿಮಗೆ ಹೇಳೋಕೆ."

"ಬಂದಿದ್ದ. ಗಾಡಿಯಿಂದ ಇಳೀಲೇ ಇಲ್ಲ. ಎಂಜಿನ್ನು ನಿಲ್ಲಿಸ್ಲಿಲ್ಲ. ಗೋಧಿ ಒಣಗಿದೆಯಾ ಅಂತ ಕೇಳ್ದ, ಹೋದ. ಮೂರು ಸಲವೂ ಅದೇ. ನನಗೆ ಹೊಲ ಬಿಟ್ಟು ಆರು ವರ್ಷ ಆಯ್ತು, ಗೋಧಿ ಅಳಿಯಂದು. ಇವನಿಗೆ ಬುದ್ಧಿ ಮಂಕಾಗ್ತಿದೆ ಅಂದ್ಕೊಂಡೆ."

"ಅದೇ ಹೇಳೋಕೆ ಬಂದದ್ದು."

"ಗೋಧಿ ಒಣಗಿದೆಯಾ ಅನ್ನೋದನ್ನಾ?"

ಸ್ಟೆಫಾಗೆ ನಗು ಬಂತು, ಅದರ ಬೆನ್ನಿಗೇ ಅಳು ಬಂತು. ತೆಕ್ಲಾ ಒಲೆಯ ಬಳಿಯಿಂದ ಬಂದು ಅವಳ ಬೆನ್ನು ಸವರಿದಳು.

"ಅಮ್ಮ ಹೋಗೋವಾಗ ಅಪ್ಪನ ಕೈ ಹಿಡ್ಕೊಂಡು ಕೇಳಿದ್ರು, ಮಾಮ. ನಲವತ್ತು ವರ್ಷ ನಾನು ನಿನ್ನ ಕಡೆ ಬಂದು ಇದ್ದೆ, ಇನ್ನು ನೀನು ನನ್ನ ಕಡೆ ಬಂದು ಮಲಗು ಅಂತ. ಅಪ್ಪ ಹೂಂ ಅಂದ್ಬಿಟ್ರು. ಆ ಕಡೆ ಜಾಗ ಬೇಕಾದ್ರೆ ಆ ಕಡೆಯವರಾಗಬೇಕು ಅಂದ್ರು ಅಲ್ಲಿನ ಹಿರಿಯರು. ನಾಲ್ಕು ವರ್ಷ ಒದ್ದಾಡಿದ್ರು. ಬೇಸಿಗೇಲಿ ಡಾಕ್ಟರು ಹೇಳಿದ ಮೇಲೆ ಇನ್ನು ತಡ ಮಾಡೋ ಹಾಗಿರಲಿಲ್ಲ."

ವರ್ವಾರಾ ಆಚೆ ಬದಿಯ ಮನೆಯ ಹೆಣ್ಣು, ಮದುವೆಯಾಗಿ ಈಚೆಗೆ ಬಂದವಳು; ತಮ್ಮಲ್ಲಿ ಹುಟ್ಟಿದವಳೆಂದು ಆಚೆಯವರು ಅವಳಿಗೆ ಜಾಗ ಕೊಟ್ಟಿದ್ದರು. ಅವಳು ಸತ್ತಾಗ ತಾಯಿಯ ಪಕ್ಕ ಮಣ್ಣಾಗಬೇಕೆಂದು ಕೇಳಿದ್ದಳೆಂದು ಇಲ್ಕೊ ಹೇಳಿದಾಗ ಪ್ರೊಕಿಪ್ ತಕರಾರು ಮಾಡಿರಲಿಲ್ಲ. ಹೆಂಗಸಿಗೆ ತವರಿನ ಆಸೆ, ಸಹಜ ಎಂದಿದ್ದ. ಆ ಔದಾರ್ಯ ಈಗ ಅವನಿಗೇ ಚುಚ್ಚಿತು.

"ಹೆಂಡತಿ ಕೇಳಿದಳು, ಇವನು ಹೋದ" ಎಂದ. "ಸರಿ. ನನಗೊಬ್ಬ ತಮ್ಮ ಇದ್ದ. ಅವನು ಬಾಯಿ ಬಿಟ್ಟು ಕೇಳೋಕೂ ಆಗದ ಹಾಗೆ ಇಪ್ಪತ್ತೊಂಬತ್ತು ವರ್ಷ ಮುಖ ತಿರುಗಿಸ್ಕೊಂಡು ಓಡಾಡ್ದೆ. ಅವನ ಹೆಣದ ಮುಂದೆ ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದವನು ನಿಮ್ಮಪ್ಪ. ನನ್ನ ತಮ್ಮನನ್ನ ನನ್ನಿಂದ ಬಿಡಿಸಿ, ತಾನು ಮಾತ್ರ ಹೆಂಡತಿ ಪಕ್ಕ ಹೋಗಿ ಮಲಗಿದ. ಸಂಬಂಧ ನನ್ನದಾದರೆ ಪಾಪ, ಅವನದಾದರೆ ಪ್ರೀತಿ. ಅಲ್ವಾ?"

ಸ್ಟೆಫಾ ಕಣ್ಣೊರೆಸಿಕೊಂಡಳು.

"ನಾಳೆ ಹತ್ತು ಗಂಟೆಗೆ" ಎಂದಳು. "ಆ ಕಡೆಯ ಹಾಡುವವರಿಗೆ ಹಳೇ ಧಾಟಿ ಬರಲ್ಲ. ಪುಸ್ತಕ ನೋಡ್ಕೊಂಡು ಹಾಡ್ತಾರೆ. ನೀವು ಬನ್ನಿ, ಮಾಮ. ಒಳಗೆ ಬೇಡ. ಗುಂಡಿಯ ಹತ್ತಿರ ಬಂದು ಹಾಡಿ."

"ಅವನು ಹೇಳಿ ಕಳಿಸಿದ್ನಾ?"

ಅವಳು ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ. "ಇಲ್ಲ. ಪ್ರೊಕಿಪನನ್ನ ಕರೀಬೇಡ, ಅವನು ಬರಲ್ಲ ಅಂದಿದ್ರು. ನಾನಾಗೇ ಬಂದೆ."

"ಅವನಿಗೆ ನನ್ನ ಚೆನ್ನಾಗಿ ಗೊತ್ತಿತ್ತು" ಎಂದ ಪ್ರೊಕಿಪ್. "ನನಗೇ ಅವನು ಗೊತ್ತಿರಲಿಲ್ಲ. ಹೋಗು ಮಗು. ರೊಟ್ಟಿ ತಗೊಂಡು ಹೋಗು."

"ರೊಟ್ಟಿ ಇರಲಿ" ಎಂದಳು ತೆಕ್ಲಾ, ಕಲ್ಲಿನಂಥ ಧ್ವನಿಯಲ್ಲಿ. ರೊಟ್ಟಿ ಉಳಿಯಿತು.

ಶುಕ್ರವಾರ ಬೆಳಿಗ್ಗೆಯಿಂದಲೇ ಊರಿನೊಳಕ್ಕೆ ಗಾಡಿಗಳು ಬರತೊಡಗಿದವು. ಉತ್ತರದ ರಸ್ತೆಯಿಂದ ಧೂಳಿನ ಮೇಲೆ ಧೂಳು. ತೆಕ್ಲಾ ಅಂದು ಕಿಟಕಿಯ ಬಳಿ ಕೂರಲಿಲ್ಲವಾದ್ದರಿಂದ ಪ್ರೊಕಿಪನೇ ನೋಡಿದ. ಹಾವ್ರಿಲೊ ಅಂಚೆ ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಿ ಹೋದ. ಮಾ ಫೂನ್ ಒಲೆ ಆರಿಸಿ, ಕಪ್ಪು ಕೋಟು ತೊಟ್ಟು ಹೋದ. ಈಚೆ ಬದಿಯ ಪಾದ್ರಿ ಕೂಡ ರಸ್ತೆಯ ಅಂಚಿನ ತನಕ ನಡೆದು ಬಂದು ಶಿಲುಬೆ ಹಿಡಿದು ನಿಂತಿದ್ದರು. ತೆಕ್ಲಾ ಪೆಟ್ಟಿಗೆಯಿಂದ ಕಪ್ಪು ಶಾಲು ತೆಗೆದು ತಲೆಗೆ ಸುತ್ತಿಕೊಂಡಳು.

"ನೀನೂ ಹೋಗ್ತೀಯಾ?"

"ವರ್ವಾರಾ ನನ್ನ ಹೆರಿಗೆ ಮಾಡಿಸಿದವಳು. ಅವಳ ಗಂಡನನ್ನ ಕಳಿಸಿಕೊಡದೆ ನಾನು ಮನೇಲಿ ಕೂತಿರಲ್ಲ. ನೀನು ನಿನ್ನ ಮಾತು ಕಾಯ್ಕೊಂಡು ಕೂತಿರು."

"ನಾನು ಕೊಟ್ಟ ಮಾತು ಎರಡು" ಎಂದ ಪ್ರೊಕಿಪ್. "ನಮ್ಮ ಹೊಸಿಲು ಬಿಟ್ಟು ಹೋಗಲ್ಲ ಅಂತ ಒಂದು. ಅವನಿಗೆ ಹಾಡ್ತೀನಿ ಅಂತ ಇನ್ನೊಂದು. ಎರಡನ್ನೂ ಒಟ್ಟಿಗೆ ಉಳಿಸ್ಕೊಳ್ಳೋಕೆ ಆಗದ ಹಾಗೆ ಮಾಡಿ ಹೋದನಲ್ಲ ಅವನು."

ತೆಕ್ಲಾ ಬಾಗಿಲಲ್ಲಿ ನಿಂತು ಅವನನ್ನು ನೋಡಿದಳು. ಶಾಲಿನ ಗಂಟು ಬಿಗಿದುಕೊಂಡು ಹೊರಟಳು.

ಪ್ರೊಕಿಪ್ ಅರ್ಧ ಗಂಟೆ ಕುಳಿತಿದ್ದ. ಆಮೇಲೆ ಎದ್ದು, ಮುಖ ತೊಳೆದು, ಭಾನುವಾರದ ಕೋಟು ಹಾಕಿಕೊಂಡು ಹೊರಟ. ಎಲ್ಲಿಗೆಂದು ಅವನು ತನಗೆ ತಾನೇ ಹೇಳಿಕೊಂಡಿರಲಿಲ್ಲ. ಆಚೆಯವರ ಸ್ಮಶಾನ ಊರಿನ ಪಡುವಲಂಚಿಗೆ, ಗೋಧಿಯ ಕೂಳೆಯ ನಡುವೆ ಇದೆ. ಅವನು ಗೇಟಿಗೆ ಹೋಗಲಿಲ್ಲ. ಹೊಲದ ಕಡೆಯಿಂದ ಸುತ್ತಿ ಬಂದು ತಂತಿ ಬೇಲಿಯ ಹೊರಗೆ, ಮುಳ್ಳುಪೊದೆಯ ಮರೆಯಲ್ಲಿ ನಿಂತ.

ಪೆಟ್ಟಿಗೆಯನ್ನು ಆಗಲೇ ಗುಂಡಿಗೆ ಇಳಿಸಿದ್ದರು. ಬೇಲಿಯಿಂದ ಐವತ್ತು ಹೆಜ್ಜೆ ದೂರ. ಜನರ ಬೆನ್ನುಗಳು ಕಂಡವು. ಎರಡು ಬದಿಯವರ ಬೆನ್ನುಗಳೂ ಬೆರೆತು ನಿಂತಿದ್ದವು, ಬೆನ್ನು ನೋಡಿ ಬದಿ ಹೇಳುವ ಹಾಗಿರಲಿಲ್ಲ. ಪಾದ್ರಿ ಮಣ್ಣು ಹಾಕಿದರು. ಹಾಡುವವನು ಪುಸ್ತಕ ತೆರೆದ.

ಅವನು ಬಹಳ ಎತ್ತರದಲ್ಲಿ ಎತ್ತಿಕೊಂಡ. ಮೊದಲ ಸಾಲಿಗೇ ಪ್ರೊಕಿಪನಿಗೆ ತಿಳಿಯಿತು, ಈ ಹಾಡು ಮೂರನೆಯ ಸಾಲಿನಲ್ಲಿ ಮುರಿಯುತ್ತದೆ. ಎರಡು ಸ್ವರ ಕೆಳಗೆ ಇಳಿಸಿದರೆ ಸಾಕಾಗಿತ್ತು. ಒಂದೇ ಒಂದು ದನಿ, ಬೇಲಿಯ ಹೊರಗಿನಿಂದಾದರೂ ಸರಿ, ಸರಿಯಾದ ಕಡೆ ನಿಂತರೆ ಉಳಿದವರೆಲ್ಲ ಅಲ್ಲಿಗೆ ಬಂದು ಸೇರುತ್ತಿದ್ದರು. ನಲವತ್ತೆಂಟು ವರ್ಷದ ಅಭ್ಯಾಸ ಅವನ ಎದೆಯನ್ನು ತುಂಬಿಸಿತು. ಗಂಟಲು ತೆರೆಯಿತು. ಮಂದ್ರದ ದನಿಯೊಂದು ಎಡಗಡೆಯಿಂದ ಬಂದು ಕೂಡಿಕೊಳ್ಳಲಿ ಎಂದು ಅವನು ಕಾಯುತ್ತಿದ್ದಾನೆಂಬುದು ಆಗ ಅವನಿಗೆ ಅರಿವಾಯಿತು. ಆ ದನಿ ಗುಂಡಿಯೊಳಗಿತ್ತು. ಆ ದನಿಯೇ ಹೇಳಿತ್ತು, ಸತ್ತವನಿಗೆ ನೀನು ಒಳಗಿದ್ದರೂ ಒಂದೇ, ಹೊರಗಿದ್ದರೂ ಒಂದೇ.

ಪ್ರೊಕಿಪ್ ಬಾಯಿ ಮುಚ್ಚಿಕೊಂಡ.

ಹಾಡು ಮೂರನೆಯ ಸಾಲಿನಲ್ಲಿ ಮುರಿಯಿತು. ಹಾಡುವವನು ಕೆಮ್ಮಿದ. ಹೆಂಗಸರು ಒಬ್ಬೊಬ್ಬರು ಒಂದೊಂದು ಕಡೆ ಹಿಡಿದು ಎಳೆದರು. ಯಾರೋ ಸುಮ್ಮನಾದರು, ಇನ್ಯಾರೋ ಮುಂದಕ್ಕೆ ಹೋದರು. ಕೊನೆಗೆ ಅದು ನಿಂತಿತೆನ್ನುವುದಕ್ಕಿಂತ ಬಿದ್ದಿತು ಎನ್ನಬೇಕು. ಆ ಮೌನದಲ್ಲಿ ಸ್ಟೆಫಾ ತಿರುಗಿ ಬೇಲಿಯ ಕಡೆ ನೋಡಿದಳು. ಅವನು ಅವಳಿಗೆ ಕಂಡನೋ ಇಲ್ಲವೋ ದೇವರಿಗೇ ಗೊತ್ತು. ಗಂಡಸರು ಸಲಿಕೆ ತೆಗೆದುಕೊಂಡರು.

ಮಣ್ಣು ಮುಚ್ಚಿ ಎಲ್ಲರೂ ಊಟದ ಮನೆಗೆ ಹೋದ ಮೇಲೂ ಅವನು ಅಲ್ಲೇ ನಿಂತಿದ್ದ. ಕಾಲು ಮರಗಟ್ಟಿತ್ತು. ಅಯ್ಯೋ, ಇಲ್ಕೊ ಒಂದು ಮಾತು ಮುರಿದ. ಇನ್ನೊಂದನ್ನು ಈಗ ನಾನು ಮುರಿದೆ ಎಂದುಕೊಂಡ. ಹಾಗೆಂದುಕೊಂಡರೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅವನು ಸುತ್ತಿ ಬಂದು ಗೇಟು ತೆರೆದ. ಅದು ಬೀಗವಿಲ್ಲದ ಗೇಟು. ನಲವತ್ತಾರು ವರ್ಷ ಅವನಿಗೆ ಅದು ತಿಳಿದಿರಲಿಲ್ಲ.

ಒಳಗೆ ಮೊದಲು ಸಿಕ್ಕಿದ್ದು ಮಾರ್ಕೋನ ಕಲ್ಲು. ಎಲ್ಲಿದೆಯೆಂದು ಅವನಿಗೆ ಯಾರೂ ಹೇಳಿರಲಿಲ್ಲ, ಹುಡುಕಲೂ ಇಲ್ಲ. ಹೆಸರು ಎದುರಿಗೆ ಬಂತು. ಅವನು ಕೈಗವಸು ಕಳಚಿ ಬರಿಗೈಯನ್ನು ಕಲ್ಲಿನ ಮೇಲಿಟ್ಟ. ಕಲ್ಲು ತಣ್ಣಗಿತ್ತು. ತಮ್ಮನ ಹೆಸರನ್ನು ಮಾತ್ರ, ಚಿಕ್ಕಂದಿನಲ್ಲಿ ಊಟಕ್ಕೆ ಕರೆಯುವ ಹಾಗೆ, ಒಂದು ಸಲ ಕರೆದ. ಆಮೇಲೆ ಹಸಿ ಮಣ್ಣಿನ ದಿಬ್ಬದ ಕಡೆಗೆ ನಡೆದ.

ವರ್ವಾರಾಳ ಪಕ್ಕದಲ್ಲಿ ಇಲ್ಕೊ. ಮೇಲೆ ಸಲಿಕೆಯ ಗುರುತುಗಳು, ನಾಲ್ಕು ಹೂವಿನ ಕಟ್ಟು. ಹಾಡೋಣವೆಂದು ಪ್ರೊಕಿಪ್ ಬಾಯಿ ತೆರೆದ. ಸ್ವರ ಬರಲಿಲ್ಲ. ಆ ಹಾಡನ್ನು ಅವನು ಒಬ್ಬನೇ ಎಂದೂ ಹಾಡಿದವನಲ್ಲ. ಒಂದು ದನಿಗೆ ಅದು ಅರ್ಧ ಕಟ್ಟಿದ ಮನೆ. ಟೋಪಿ ತೆಗೆದು ಮಂಡಿಯೂರಿದ. ಮಂಡಿ ಹಸಿ ಮಣ್ಣಿನಲ್ಲಿ ಹೂತಿತು.

"ಕರ್ತನೇ" ಎಂದ, ಹಾಡದೆ, ಬರಿ ಮಾತಿನಲ್ಲಿ. "ಇವನು ನನಗೆ ಮೋಸ ಮಾಡಿದ. ಅದನ್ನ ನಿನ್ನ ಮುಂದೆ ಮುಚ್ಚಿಡಲ್ಲ. ನನ್ನ ತಮ್ಮನನ್ನ ನನಗೆ ಕೊಡಲಿಲ್ಲ, ತನ್ನ ಸಾವನ್ನೂ ನನಗೆ ಹೇಳಲಿಲ್ಲ. ಕ್ಷಮಿಸಿದೆ ಅಂತ ಹೇಳೋಕೆ ನಾಲಿಗೆ ಏಳ್ತಿಲ್ಲ, ಸುಳ್ಳು ಹೇಳಲಾರೆ. ಅದಕ್ಕೆ ಇವನನ್ನ ನೀನು ಕ್ಷಮಿಸು. ನಾನು ಕ್ಷಮಿಸಲಿ ಅಂತ ಕಾಯಬೇಡ, ನನಗೆ ತಡ ಆಗತ್ತೆ. ಅವನು ಹೊಟ್ಟೆ ನೋವಲ್ಲಿ ಹೋಗಿದ್ದಾನೆ, ಅಲ್ಲಿ ಅವನಿಗೆ ನೋವು ಬೇಡ. ಮೂರು ಸಲ ನನ್ನ ಅಂಗಳಕ್ಕೆ ಬಂದು ಹೇಳಲಾರದೆ ಹೋದವನು, ನಿನ್ನ ಬಾಗಿಲಲ್ಲೂ ಗಾಡಿಯಿಂದ ಇಳಿಯದೆ ಕೂತಿರ್ತಾನೆ. ನೀನೇ ಹೊರಗೆ ಬಂದು ಕರ್ಕೊ. ಅವನ ಹೆಂಡತಿ ಪಕ್ಕದಲ್ಲಿ ಅವನು ಮಲಗಲಿ. ನನ್ನ ಮಾರ್ಕೊ ಎಲ್ಲಿದ್ದಾನೋ ಅಲ್ಲೇ ಇವನಿಗೂ ಬೆಳಕು ಸಿಗಲಿ. ನಿನ್ನ ದಾಸ ಇಲ್ಕೋನ ಆತ್ಮಕ್ಕೆ ಶಾಂತಿ ಕೊಡು, ಕರ್ತನೇ. ಶಾಂತಿ ಕೊಡು. ಆಮೆನ್."